ಹೂಂ ಅನ್ನುವವಳು

ಕಥೆ ಹೇಳುವವರಿಗಿಂತ ಹೂಂ ಅನ್ನುವವರು ದೊಡ್ಡವರು ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ಕೈಲಾಸದಲ್ಲಿ ಸಾಕ್ಷಾತ್ ಶಿವನೇ ಕಥೆ ಹೇಳಲು ಕೂತಾಗಲೂ ಪಾರ್ವತಿಯ ಹೂಂ ಬರುವ ತನಕ ಮುಂದಿನ ಮಾತು ತೆಗೆಯುತ್ತಿರಲಿಲ್ಲವಂತೆ. ಹೂಂ ನಿಂತಿತೆಂದರೆ ಕಥೆಯೂ ಅಲ್ಲಿಗೇ ನಿಲ್ಲಬೇಕು. ಹೂಂ ಇಲ್ಲದೆ ಹೇಳಿದ ಕಥೆ ಕೇಳುವವರ ಮನೆ ಸೇರದೆ ಹೇಳಿದವರ ಹೊಸ್ತಿಲಿಗೇ ತಿರುಗಿ ಬಂದು ಕೂರುತ್ತದೆ ಎನ್ನುವ ಮಾತೂ ಉಂಟು. ನಂಬುವವರು ನಂಬಲಿ, ಬಿಡುವವರು ಬಿಡಲಿ. ಬ್ಯಾಡಗಿಯ ನೀಲಗಂಗವ್ವ ನಂಬಿದ್ದಳು.

ನೀಲಗಂಗವ್ವನಿಗೆ ಹೂಂ ಅನ್ನುವವಳು ಕುಲ್ಸುಮಬಿ. ಇಬ್ಬರೂ ಒಂದೇ ಓಣಿಗೆ ಸೊಸೆಯರಾಗಿ ಬಂದವರು. ನೀಲಗಂಗವ್ವನ ತವರು ಹಾವೇರಿ ಮಗ್ಗುಲಿನ ಅಗಡಿ. ಕುಲ್ಸುಮಬಿಯದು ಕುಮಾರಪಟ್ಟಣದ ಆಚೆ, ತುಂಗಭದ್ರೆಯ ಆ ದಂಡೆಯ ಮೇಲಿನ ಹಳ್ಳಿ. ಒಬ್ಬಳ ಹಣೆಯ ಮೇಲೆ ಬೆಳಗಿನ ವಿಭೂತಿ ಸಂಜೆಯ ತನಕ ಅಳಿಸುತ್ತಿರಲಿಲ್ಲ. ಇನ್ನೊಬ್ಬಳ ತಲೆಯ ಮೇಲಿನ ಸೆರಗು ಗಾಳಿಗೂ ಜಾರುತ್ತಿರಲಿಲ್ಲ. ಇಬ್ಬರ ಗಂಡಂದಿರೂ ಹಮಾಲಿ ಮಾಡಿ ಬೆನ್ನು ಬಾಗಿಸಿಕೊಂಡು, ಒಬ್ಬರ ಹಿಂದೊಬ್ಬರು ಹೋಗಿಬಿಟ್ಟಿದ್ದರು. ಈಗ ಇಬ್ಬರಿಗೂ ಮೆಣಸಿನಕಾಯಿ ಪೇಟೆಯ ಹಿಂದಿನ ಗೋದಾಮಿನಲ್ಲಿ ಕೆಲಸ. ಒಣಕಾಯಿಯ ತೊಟ್ಟಿಗೆ ಅಲ್ಲಿ ತುಂಬು ಅನ್ನುತ್ತಾರೆ. ಆ ತುಂಬು ಬಿಡಿಸುವುದು. ಮೂಗು ಬಾಯಿ ಮುಚ್ಚಿ ಸೆರಗು ಕಟ್ಟಿಕೊಂಡು ಕೆಂಪು ಗುಡ್ಡದ ಸುತ್ತ ಹೆಂಗಸರು ಕೂರುತ್ತಾರೆ. ಕಾಯಿ ಒಂದು ಕಡೆ ಬೀಳುತ್ತದೆ, ತುಂಬು ಒಂದು ಕಡೆ. ನೀಲಗಂಗವ್ವ ಗುಡ್ಡದ ಈಚೆ, ಕುಲ್ಸುಮಬಿ ಆಚೆ. ನಡುವೆ ಕಥೆ.

ಹಗಲು ಹೊತ್ತು ಕಥೆ ಹೇಳಬಾರದು, ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ ಎಂದು ಒಬ್ಬಳು ಹೊಸಬಳು ಒಮ್ಮೆ ಆಕ್ಷೇಪಣೆ ತೆಗೆದಳು. ನೀಲಗಂಗವ್ವ ಕಾಯಿ ಮುರಿಯುವುದನ್ನು ಬಿಡದೆ, ತನ್ನ ಸೋದರಮಾವಂದಿರೆಲ್ಲ ಯಾವತ್ತೋ ಶಿವನ ದಾರಿ ಹಿಡಿದಾಗಿದೆ, ಅಲ್ಲಿ ತಪ್ಪಿದರೂ ತಿರುಗಿ ಇಲ್ಲಿಗೇ ಬರಬೇಕು, ಬಂದರೆ ಬರಲಿ, ಒಂದೊಂದು ಚೀಲ ಹೊರುತ್ತಾರೆ ಎಂದಳು. ಅವತ್ತಿನಿಂದ ಯಾರೂ ಆ ಮಾತು ಎತ್ತಲಿಲ್ಲ.

ಅವಳ ಹತ್ತಿರ ಕಥೆಗಳು ಬಹಳ ಇದ್ದವು. ಹಾವೇರಿಯ ಹಳೆಯ ಶಿವಾಲಯ ಎಲ್ಲ ಗುಡಿಗಳಂತೆ ಮೂಡಣಕ್ಕೆ ಮುಖ ಮಾಡದೆ ಪಡುವಣಕ್ಕೆ ಮಾಡಿದ್ದು ಯಾಕೆ, ಜೋಳದ ರೊಟ್ಟಿ ಉಬ್ಬುವುದು ಯಾಕೆ, ಹೊಳೆಯ ದಂಡೆಯ ಕಲ್ಲು ಗುಂಡಗಿರುವುದು ಯಾಕೆ. ಎಲ್ಲದಕ್ಕೂ ಒಂದು ಹೆಣ್ಣೋ ಗಂಡೋ ದೇವರೋ ಕಾರಣ. ಆದರೆ ಕುಲ್ಸುಮಬಿ ಮತ್ತೆ ಮತ್ತೆ ಕೇಳುತ್ತಿದ್ದದ್ದು ಮೆಣಸಿನಕಾಯಿಯ ಕಥೆ.

ಹಿಂದಿನ ಕಾಲಕ್ಕೆ ನಮ್ಮ ಅಡಿಗೆಮನೆಯಲ್ಲಿ ಕರಿಮೆಣಸೇ ಅತ್ತೆ. ಖಾರದ ಕಾರುಬಾರೆಲ್ಲ ಆಕೆಯದು. ಕಡಲಾಚೆಯ ಯಾವುದೋ ಸೀಮೆಯಿಂದ ಹಡಗು ಹತ್ತಿ ಒಬ್ಬಳು ಸೊಸೆ ಬಂದಳು, ಮೈತುಂಬ ಕೆಂಪು ಸೀರೆ. ಗೋವೆಯ ದಂಡೆಗೆ ಇಳಿದಳು, ಘಟ್ಟ ಹತ್ತಿದಳು. ಇಷ್ಟಕ್ಕೆ ಬಂದು ನೀಲಗಂಗವ್ವ ನಿಲ್ಲುತ್ತಿದ್ದಳು. ಗುಡ್ಡದ ಆಚೆಯಿಂದ ಕುಲ್ಸುಮಬಿಯ ಪ್ರಶ್ನೆ ಬರಬೇಕು. ಪ್ರತಿ ಸಲವೂ ಅದೇ ಪ್ರಶ್ನೆ, ಪ್ರತಿ ಸಲವೂ ಮೊದಲ ಸಲ ಕೇಳಿದಂತೆ.

"ತವರ ಬಿಟ್ಟ ಬರೂಮುಂದ ಆಕಿ ಅತ್ತಳೇನಕ್ಕಾ?"

"ಅತ್ತಳು ಕುಲ್ಸುಮಾ. ಹಡಗದಾಗ ಕುಂತು ಅತ್ತಳು, ಘಟ್ಟದಾಗ ಕುಂತು ಅತ್ತಳು. ಅತ್ತು ಅತ್ತು ಒಳಗಿನ ಖಾರ ಎಲ್ಲಾ ಕಣ್ಣೀರಾಗಿ ಹರದ ಹೋತು. ಬ್ಯಾಡಗಿಗೆ ಬಂದ ಮುಟ್ಟೂದ್ರಾಗ ಬಣ್ಣ ಅಷ್ಟ ಉಳದಿತ್ತು. ಅದಕ್ಕ ನಮ್ಮ ಕಾಯಿ ನೋಡಾಕ ಕೆಂಪು, ಬಾಯಿ ಸುಡಂಗಿಲ್ಲ. ಅಷ್ಟ ಅತ್ತಾಕಿ ಮತ್ತ ಯಾರನ್ನ ಸುಡತಾಳ? ಮುಖ ನೋಡ ಬೇಕಾರ, ಇನ್ನೂ ಸುಕ್ಕ ಹೋಗಿಲ್ಲ."

ಹಾಗೆನ್ನುತ್ತ ಸುಕ್ಕುಸುಕ್ಕಾದ ಒಂದು ಕಾಯಿಯನ್ನು ಎತ್ತಿ ತೋರಿಸುವಳು. ಹೆಂಗಸರು ನಗುವರು. ಕುಲ್ಸುಮಬಿ ನಗುತ್ತಿರಲಿಲ್ಲ. ಹೊಳೆ ದಾಟಿ ಬಂದವಳಲ್ಲವೇ. ಆ ಕಾಯಿಯನ್ನು ಇಸಿದುಕೊಂಡು ತುಂಬು ಬಿಡಿಸಿ, ಉಳಿದವುಗಳಿಗಿಂತ ತುಸು ಮೆತ್ತಗೆ ಗುಡ್ಡದ ಮೇಲೆ ಇಡುತ್ತಿದ್ದಳು.

ಹೀಗೆ ನಡೆದಿದ್ದಾಗ ರಾಣೆಬೆನ್ನೂರಿನಿಂದ ಸಿದ್ದಲಿಂಗೇಶ ಎನ್ನುವ ತರುಣ ಬಂದ. ಮೊದಲು ಟ್ಯೂಶನ್ ಕ್ಲಾಸಿನಲ್ಲಿ ವಿಜ್ಞಾನ ಕಲಿಸುತ್ತಿದ್ದವನು. ಇದು ಪರೀಕ್ಷೆಗೆ ಬರುತ್ತದೆಯೇ ಎಂಬ ಪ್ರಶ್ನೆಯೊಂದನ್ನು ಬಿಟ್ಟು ಮಕ್ಕಳು ಬೇರೇನನ್ನೂ ಕೇಳುವುದಿಲ್ಲ ಎಂದು ಬೇಸತ್ತು ಆ ಕೆಲಸ ಬಿಟ್ಟು, ಫೋನಿನಲ್ಲಿ ಚಿಕ್ಕ ಚಿಕ್ಕ ವಿಡಿಯೋ ಮಾಡಿ ಹಾಕುತ್ತಿದ್ದ. ಅವನ ಚಾನೆಲ್ಲಿನ ಹೆಸರು 'ಯಾಕಿರಬಹುದು'. ಕೃಷ್ಣಮೃಗ ಓಡುವಾಗ ಎತ್ತರಕ್ಕೆ ಜಿಗಿಯುವುದು ಯಾಕೆ, ಹಳೆಯ ಗುಡಿಯ ಕಂಬಗಳು ಕನ್ನಡಿಯಂತೆ ಹೊಳೆಯುವುದು ಯಾಕೆ, ಇಂಥವು. ಒಂದು ನಿಮಿಷದಲ್ಲಿ ಮುಗಿಯಬೇಕು; ಅದಕ್ಕಿಂತ ಉದ್ದವಾದರೆ ನೋಡುವವರ ಬೆರಳು ಮುಂದಿನದಕ್ಕೆ ಹೋಗುತ್ತದೆ. ಒಳ್ಳೆಯ ಹುಡುಗ. ದೊಡ್ಡವರ ಎದುರು ಚಪ್ಪಲಿ ಬಿಟ್ಟು ಮಾತಾಡುವವನು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಯಾಕೆ ಎಂದು ತೋರಿಸಲು ಕಾಯಿಯ ಗುಡ್ಡ ಹುಡುಕಿಕೊಂಡು ಬಂದವನು ಗೋದಾಮಿನ ಬಾಗಿಲಲ್ಲಿ ನಿಂತು ಪೂರ್ತಿ ಕಥೆ ಕೇಳಿದ. ಕೇಳಿ ಮುಗಿದ ಮೇಲೆ, ತಾನು ವರ್ಷಗಟ್ಟಲೆ ಕಲಿಸಿದ್ದನ್ನು ಯಾರೂ ಹೀಗೆ ಬಾಯಿ ತೆರೆದು ಕೇಳಿಲ್ಲ ಎಂದು ಹೇಳಿಕೊಂಡ. ಇನ್ನೊಮ್ಮೆ ಹೇಳಿಸಿ ಫೋನಿನಲ್ಲಿ ಹಿಡಿದುಕೊಂಡು ಹೋದ.

ಒಂದು ನಿಮಿಷಕ್ಕೆ ಕತ್ತರಿಸಿದ ಆ ವಿಡಿಯೋ ಊರು ಸುತ್ತಿತು. ಬಣ್ಣ ಕೊಡುವ ಅಂಶ ಬೇರೆ, ಖಾರ ಕೊಡುವ ಅಂಶ ಬೇರೆ, ನಮ್ಮ ಕಾಯಿಯಲ್ಲಿ ಮೊದಲನೆಯದು ಹೆಚ್ಚು ಎಂದು ಕೊನೆಗೆ ಸಿದ್ದಲಿಂಗೇಶನ ಎರಡು ಮಾತು ಇದ್ದವು. ದಲಾಲಿ ಅಂಗಡಿಯವರು ನೋಡಿದರು, ಸಾಲಿಯ ಮಕ್ಕಳು ನೋಡಿದರು. ಕುಲ್ಸುಮಬಿಗೆ ಮೊಮ್ಮಗಳು ಸಾನಿಯಾ ತನ್ನ ಫೋನಿನಲ್ಲಿ ತೋರಿಸಿದಳು. ಕುಲ್ಸುಮಬಿ ಕಣ್ಣು ಕಿರಿದು ಮಾಡಿ ನೋಡಿ, ನಾನೆಲ್ಲಿ ಎಂದು ಕೇಳಿದಳು. ಸಾನಿಯಾ ಚಿತ್ರವನ್ನು ನಿಲ್ಲಿಸಿ, ಮೂಲೆಯಲ್ಲಿ ಒಂದು ಕೈ ಮೆತ್ತಗೆ ಕಾಯಿ ಇಡುತ್ತಿರುವುದನ್ನು ತೋರಿಸಿದಳು. ಕುಲ್ಸುಮಬಿಗೆ ಅಷ್ಟು ಸಾಕಾಯಿತು. ಓಣಿಯವರಿಗೆಲ್ಲ ಆ ಕೈ ತೋರಿಸಿದಳು. ಹೂಂ ಎಲ್ಲಿ ಹೋಯಿತು, ತನ್ನ ಪ್ರಶ್ನೆ ಎಲ್ಲಿ ಹೋಯಿತು, ಸೊಸೆ ಅತ್ತದ್ದು ಎಲ್ಲಿ ಹೋಯಿತು ಎಂದು ಅವತ್ತು ಯಾರನ್ನೂ ಕೇಳಲಿಲ್ಲ. ಫೋನಿನ ಸೊಸೆ ಗೋವೆಗೆ ಇಳಿದವಳು ಒಮ್ಮೆಲೆ ಬ್ಯಾಡಗಿಯಲ್ಲಿದ್ದಳು.

ಮುಂದೆ ಸಿದ್ದಲಿಂಗೇಶ ನೀಲಗಂಗವ್ವನನ್ನು ರಾಣೆಬೆನ್ನೂರಿಗೆ ಕರೆದ. ಗೋದಾಮಿನಲ್ಲಿ ಲಾರಿಯ ಸದ್ದು, ಹಮಾಲರ ಕೂಗು. ತನ್ನ ಕೋಣೆಯಲ್ಲಾದರೆ ದನಿ ಸ್ವಚ್ಛ ಬರುತ್ತದೆ ಎಂದ. ಗೆಳತಿಯರಿಬ್ಬರೂ ರೊಟ್ಟಿ ಗಂಟು ಕಟ್ಟಿಕೊಂಡು ರೈಲು ಹತ್ತಿದರು. ಸ್ಟೇಶನ್ನಿನಲ್ಲಿ ಗುರುತಿನವರು ಎಲ್ಲಿಗೆ ಎಂದು ಕೇಳಿದರೆ ಕುಲ್ಸುಮಬಿಯೇ ಮುಂದಾಗಿ, ಕಥೆ ಹೇಳಲು ಹೊರಟಿದ್ದೇವೆ ಎಂದಳು.

ಅದು ಅಂಗಡಿಯ ಮೇಲಿನ ಕೋಣೆ. ಗೋಡೆಗೆಲ್ಲ ಗಾದಿಯಂಥದನ್ನು ಬಡಿದಿದ್ದರು. ಫ್ಯಾನು ಬಂದ್ ಮಾಡಿದರು, ಕಿಡಕಿ ಹಾಕಿದರು. ನೀಲಗಂಗವ್ವ ಶುರು ಮಾಡಿದಳು, ಕುಲ್ಸುಮಬಿ ಹೂಂ ಅಂದಳು. ಕಿವಿಗೆ ಯಂತ್ರ ಹಾಕಿಕೊಂಡು ಕೂತ ಸಿದ್ದಲಿಂಗೇಶ ಕೈಯೆತ್ತಿ ನಿಲ್ಲಿಸಿದ. ಹೂಂ ಸರಿಯಾಗಿ ಮಾತಿನ ಬಾಲಕ್ಕೇ ಹತ್ತುತ್ತಿದೆ, ಆಮೇಲೆ ಕತ್ತರಿಸಲು ಬರುವುದಿಲ್ಲ, ದಯವಿಟ್ಟು ತಲೆ ಅಷ್ಟೇ ಆಡಿಸಿರಿ ಎಂದು ಕೇಳಿಕೊಂಡ. ಕುಲ್ಸುಮಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ಆಡಿಸಿದಳು. ಆದರೆ ವರ್ಷಗಟ್ಟಲೆ ಕಾಯಿಯ ಧೂಳು ಕುಡಿದ ಎದೆ. ಬಾಯಿ ಮುಚ್ಚಿದಷ್ಟೂ ಕೆಮ್ಮು ಒತ್ತಿಕೊಂಡು ಬಂತು. ಎರಡು ಸಲ ನಿಲ್ಲಿಸಬೇಕಾಯಿತು. ಮೂರನೆಯ ಸಲ ಸಿದ್ದಲಿಂಗೇಶ ಚಹಾ ತರಿಸಿ, ಹೊರಗೆ ಮೆಟ್ಟಿಲ ಮೇಲೆ ಗಾಳಿಗೆ ಕೂತು ಕುಡಿಯಿರಿ ಎಂದು ಕುಲ್ಸುಮಬಿಯನ್ನು ಬಹಳ ಮರ್ಯಾದೆಯಿಂದ ಕಳಿಸಿಕೊಟ್ಟ.

"ಆಕಿ ಇಲ್ಲದ ನನಗ ಬರೂದಿಲ್ಲ ತಮ್ಮಾ," ಎಂದಳು ನೀಲಗಂಗವ್ವ.

"ಒಂದ ಸಲ ನೋಡೂಣ ಆಯಿ. ಬರಲಿಲ್ಲಂದ್ರ ಕರಿಯೂಣಂತ."

ಬಂತು. ಬರಬಾರದಿತ್ತು, ಬಂತು. ಶಿವನ ಆಣೆಗೂ ಅವಳು ಅದನ್ನು ಎಣಿಸಿರಲಿಲ್ಲ. ತಡೆಯುವವರಿಲ್ಲದ ನೀರಿನ ಹಾಗೆ ಕಥೆ ಸುಮ್ಮನೆ ಹರಿದು ಹೋಯಿತು, ಒಂದು ನಿಮಿಷಕ್ಕೆ ಸರಿಯಾಗಿ ಮುಗಿಯಿತು. ಸಿದ್ದಲಿಂಗೇಶ ಕೈ ಮುಗಿದ. ನೀಲಗಂಗವ್ವನ ಒಳಗೆ ಯಾವುದೋ ಒಂದು ಸಣ್ಣ ಹಿಗ್ಗು ಎದ್ದಿತು. ಎದ್ದದ್ದು ಅವಳಿಗೇ ತಿಳಿಯಿತು, ತಿಳಿದದ್ದಕ್ಕೆ ನಾಚಿಕೆಯೂ ಆಯಿತು.

ತಿರುಗಿ ಬರುವಾಗ ರೈಲಿನಲ್ಲಿ ಕುಲ್ಸುಮಬಿ ಕಿಡಕಿಯ ಹೊರಗೆ ನೋಡುತ್ತ ಕೇಳಿದಳು: "ನಾ ಇಲ್ಲದ ಬಂತೇನಕ್ಕಾ?"

"ಎಲ್ಲೀದು? ನಡುನಡುವ ತೊದಲಿದೆ," ಎಂದಳು ನೀಲಗಂಗವ್ವ.

ವಾರದಲ್ಲಿ ಆ ವಿಡಿಯೋ ಬಂತು. ಸಾನಿಯಾ ತೋರಿಸಿದಳು. ಅದರಲ್ಲಿ ತೊದಲು ಇರಲಿಲ್ಲ. ಮೂಲೆಯಲ್ಲಿ ಕೈಯೂ ಇರಲಿಲ್ಲ. ಕುಲ್ಸುಮಬಿ ಪೂರ್ತಿ ನೋಡಿ ಫೋನು ತಿರುಗಿ ಕೊಟ್ಟಳು. ಮರುವಾರ ನೀಲಗಂಗವ್ವ ಮತ್ತೆ ರಾಣೆಬೆನ್ನೂರಿಗೆ ಹೊರಡೋಣ ಎಂದು ಬಂದಾಗ ಮೊಣಕಾಲು ನೋವು ಎಂದಳು. ಅದರ ಮುಂದಿನ ವಾರವೂ ಅದೇ ಮೊಣಕಾಲು. ಆಮೇಲೆ ನೀಲಗಂಗವ್ವ ಕೇಳದೆಯೇ ಒಬ್ಬಳೇ ಹೋಗಿ ಬರತೊಡಗಿದಳು.

ಗೋದಾಮಿನಲ್ಲಿ ಕಥೆ ಮೊದಲಿನಂತೆಯೇ ನಡೆದಿತ್ತು, ಹೂಂ ಕೂಡ ನಡೆದಿತ್ತು. ಆದರೆ ಅವರ ಸಾಲಿನಲ್ಲೇ ಕೂರುವ ಗುಡ್ಡವ್ವ ಬಾಯಿ ಸುಮ್ಮನಿಡುವವಳಲ್ಲ. ನೀಲಗಂಗವ್ವ ರಾಣೆಬೆನ್ನೂರಿಗೆ ಹೋದ ಒಂದು ದಿನ ಆಕೆ ಕುಲ್ಸುಮಬಿಯನ್ನು ಕೆಣಕಿದಳು.

"ಕಥಿ ರೈಲ ಹತ್ತಿ ಹೋತು, ಹೂಂ ಇಲ್ಲೇ ಉಳೀತಲ್ಲ ಕುಲ್ಸುಮಬಿ. ಟಿಕೀಟ ಸಿಗಲಿಲ್ಲೇನ?"

"ಹೂಂ," ಎಂದಳು ಕುಲ್ಸುಮಬಿ.

ಹೆಂಗಸರೆಲ್ಲ ನಕ್ಕರು. ಕುಲ್ಸುಮಬಿಯೂ ನಕ್ಕಳು, ನಕ್ಕು ಕೆಮ್ಮಿದಳು. ಸಂಜೆ ಇದು ನೀಲಗಂಗವ್ವನ ಕಿವಿಗೂ ಬಿತ್ತು. ಅವಳು ನಗಲಿಲ್ಲ. ಇದಕ್ಕೆ ಏನಾದರೂ ಮಾಡಬೇಕು ಎಂದು ಅಂದುಕೊಂಡಳು. ಮಾಡುವ ಸಂದರ್ಭವನ್ನೂ ಶಿವನೇ ತಂದುಕೊಟ್ಟ ಎಂದು ತಿಳಿದಳು.

ಹಾವೇರಿಯ ಒಂದು ದೊಡ್ಡ ಸಾಲಿಯವರು ಮಕ್ಕಳಲ್ಲಿ ಕುತೂಹಲ ಹುಟ್ಟಿಸುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ವಿಜ್ಞಾನ, ಇತಿಹಾಸ, ಸಂಸ್ಕೃತಿ ಎಲ್ಲ ಅದರಲ್ಲಿ. 'ಯಾಕಿರಬಹುದು' ಚಾನೆಲ್ಲಿನ ಆಯಿಯೇ ಬಂದು ಮಕ್ಕಳ ಎದುರು ಕಥೆ ಹೇಳಬೇಕು, ಸನ್ಮಾನವೂ ಇದೆ ಎಂದು ಸಿದ್ದಲಿಂಗೇಶ ಸುದ್ದಿ ತಂದ. ನೀಲಗಂಗವ್ವ ಸಂಜೆಯೇ ಕುಲ್ಸುಮಬಿಯ ಮನೆಗೆ ಹೋಗಿ ಚಾಪೆಯ ಮೇಲೆ ಕೂತಳು. ಅಲ್ಲಿ ಫೋನಿಲ್ಲ, ಗಾದಿ ಬಡಿದ ಗೋಡೆಯಿಲ್ಲ, ಖರೇ ಖರೇ ಮಕ್ಕಳು ಮುಂದೆ ಕೂರುತ್ತಾರೆ ಎಂದು ಬಿಡಿಸಿ ಹೇಳಿದಳು.

"ಅಲ್ಲಿ ನೀ ಬೇಕ ಕುಲ್ಸುಮಾ. ನನ್ನ ಮಗ್ಗಲದಾಗ ಕುಂತು ಹೂಂ ಅನಬೇಕು."

"ನನ್ನ ಕುಂದ್ರಸತಾರೇನು ಅವರು?"

"ಅವರ್ಯಾಕ? ನಾ ಕುಂದ್ರಸ್ತೇನಿ. ಇಲ್ಲಂದ್ರ ಬಾಯಿ ತಗಿಯಂಗಿಲ್ಲ ನಾನೂ."

ಕುಲ್ಸುಮಬಿಯ ಮೊಣಕಾಲು ಅವತ್ತೇ ವಾಸಿಯಾಯಿತು. ಈದಿಗೆ ತೆಗೆದಿಟ್ಟ ತಿಳಿಗುಲಾಬಿ ಸೀರೆಯನ್ನು ಟ್ರಂಕಿನಿಂದ ತೆಗೆಸಿ ಸಾನಿಯಾಳಿಂದ ಇಸ್ತ್ರಿ ಮಾಡಿಸಿದಳು. ಕೆಮ್ಮಿಗೆಂದು ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡು ತಿರುಗಿದಳು. ಎಲ್ಲಿಗೆ ಎಂದು ಗುಡ್ಡವ್ವ ಕೇಳಿದಾಗ, ಟಿಕೀಟು ಸಿಕ್ಕಿದೆ ಎಂದಳಂತೆ.

ಸಾಲಿಯ ಸಭಾಗೃಹ ದೊಡ್ಡದು. ಸಮವಸ್ತ್ರದ ಮಕ್ಕಳು ಸಾಲುಸಾಲಾಗಿ ನೆಲದ ಮೇಲೆ ಕೂತು, ಮೊದಲೇ ಹೇಳಿಕೊಟ್ಟಂತೆ ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದರು. ವೇದಿಕೆಯ ನಡುವೆ ಮೈಕು. ಮೈಕಿನ ಎದುರು ಹೂವಿನ ಹಾರ ಸುತ್ತಿದ ಒಂದೇ ಖುರ್ಚಿ. ಸಿದ್ದಲಿಂಗೇಶ ಅದನ್ನು ನೋಡಿ ತಾನೂ ತಡವರಿಸಿದ. ಸಾಲಿಯವರೊಂದಿಗೆ ಪಿಸುಗುಟ್ಟಿ ಬಂದು, ವೇದಿಕೆಯ ವ್ಯವಸ್ಥೆ ಮೊದಲೇ ಆಗಿಬಿಟ್ಟಿದೆ, ಆ ಆಯಿ ಮುಂದಿನ ಸಾಲಿನಲ್ಲಿ ಕೂತೇ ಹೂಂ ಅನ್ನಲಿ, ಅಷ್ಟೂ ಕೇಳಿಸುತ್ತದೆ ಎಂದ. ನೀಲಗಂಗವ್ವ ಕುಲ್ಸುಮಬಿಯ ಮುಖ ನೋಡಿದಳು. ಇರಲಿ ಅಕ್ಕಾ, ನೀನು ಕೂರು, ಮುಂದೇ ಇರುತ್ತೇನಲ್ಲ ಎಂದಳು ಆಕೆ.

ಮುಂದಿನ ಸಾಲು ಅತಿಥಿಗಳಿಗೆ ಮೀಸಲು. ಯಾರೋ ಒಬ್ಬರು ಬಂದು ಎಬ್ಬಿಸಿದರು, ಕುಲ್ಸುಮಬಿ ಎರಡನೆಯ ಸಾಲಿಗೆ ಸರಿದಳು. ಅದು ಶಿಕ್ಷಕರದು. ಅಲ್ಲಿಂದಲೂ ಎದ್ದಳು. ತಿಳಿಗುಲಾಬಿ ಸೀರೆ ಒಂದೊಂದೇ ಸಾಲು ಹಿಂದೆ ಸರಿಯುತ್ತ ಕೊನೆಗೆ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತದ್ದನ್ನು ನೀಲಗಂಗವ್ವ ಖುರ್ಚಿಯ ಮೇಲಿನಿಂದ ನೋಡಿದಳು. ಅಷ್ಟೊತ್ತಿಗೆ ಅವಳಿಗೆ ಶಾಲು ಹೊದಿಸಿದ್ದರು. ಶಾಲು ಹೊದಿಸಿಕೊಂಡ ಮೇಲೆ ಎದ್ದು ನಿಂತು, ಆಕೆ ಬಂದು ಮಗ್ಗುಲಲ್ಲಿ ಕೂರದೆ ಬಾಯಿ ತೆರೆಯುವುದಿಲ್ಲ ಎನ್ನಬಹುದಾಗಿತ್ತು. ಅನ್ನಲು ಎಷ್ಟು ಹೊತ್ತು ಬೇಕು? ಫೋನಿನ ಕಥೆಗೆ ಬೇಕಾದಷ್ಟೂ ಬೇಡ. ಅವಳು ಬಾಯಿ ತೆರೆದಳು, ಕಥೆ ಹೇಳಲು.

ಕರಿಮೆಣಸು ಅತ್ತೆಯಾಗಿದ್ದ ಕಾಲ ಹೇಳಿ ನಿಂತಳು. ಸಭಾಗೃಹದಲ್ಲಿ ಉಸಿರಿನ ಸದ್ದಿಲ್ಲ. ಬಾಗಿಲ ಹತ್ತಿರದಿಂದ, ಬಹಳ ದೂರದಿಂದ ಎಂಬಂತೆ, "ಹೂಂ" ಎಂದು ಬಂತು. ಮಕ್ಕಳೆಲ್ಲ ಹಿಂದಕ್ಕೆ ತಿರುಗಿ ಕಿಸಕ್ಕನೆ ನಕ್ಕರು. ಒಬ್ಬ ಶಿಕ್ಷಕಿ ಲಗುಬಗೆಯಿಂದ ಹೋಗಿ ಕುಲ್ಸುಮಬಿಯ ಕಿವಿಯಲ್ಲಿ ಏನೋ ಹೇಳಿದರು. ಬೈದದ್ದೇನಲ್ಲ, ಮಕ್ಕಳಿಗೆ ಕೇಳಿಸಲಿ, ಸದ್ದು ಮಾಡಬೇಡಿರಿ ಎಂದಿರಬೇಕು. ಕುಲ್ಸುಮಬಿ ತಲೆ ಆಡಿಸಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸೊಸೆ ಹಡಗು ಹತ್ತಿದಳು. ಹೂಂ ಇಲ್ಲ. ಗೋವೆಗೆ ಇಳಿದಳು. ಹೂಂ ಇಲ್ಲ. ಘಟ್ಟ ಹತ್ತಿದಳು. ಇಲ್ಲಿ ನೀಲಗಂಗವ್ವ ತಾನಾಗಿಯೇ ನಿಂತಳು. ನಾಲಗೆ ನಿಂತಿತು ಎನ್ನಬೇಕು. ಅಷ್ಟು ಮಕ್ಕಳ ತಲೆಯ ಮೇಲಿಂದ ಬಾಗಿಲ ಕಡೆ ನೋಡಿದಳು. ಕುಲ್ಸುಮಬಿಯೂ ನೋಡುತ್ತಿದ್ದಳು. ನಡುವಿನ ಸಾಲಿನಲ್ಲಿ ಒಬ್ಬ ಹುಡುಗಿ ತುಟಿಯ ಮೇಲಿನ ಬೆರಳು ತೆಗೆದು ಕೈ ಎತ್ತಿದಳು. ಮಗ್ಗುಲಲ್ಲಿದ್ದ ಶಿಕ್ಷಕರು ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಪ್ರಶ್ನೆಗಳನ್ನು ಆಮೇಲೆ ವಿಡಿಯೋದ ಕೆಳಗೆ ಬರೆದು ಹಾಕಬೇಕೆಂದು ಹೇಳಿದರು. ಆ ಕೂಸು ಏನು ಕೇಳಬೇಕೆಂದಿತ್ತೋ ದೇವರೇ ಬಲ್ಲ. ವೇದಿಕೆಯ ಅಂಚಿನಲ್ಲಿ ನಿಂತಿದ್ದ ಸಿದ್ದಲಿಂಗೇಶ, ಹೊತ್ತಾಯಿತು, ಮುಂದಕ್ಕೆ ಹೋಗಿರಿ ಎಂದು ಕೈ ಆಡಿಸಿದ.

ನೀಲಗಂಗವ್ವ ಮುಂದಕ್ಕೆ ಹೋದಳು. ಸೊಸೆ ಅಳದೆಯೇ ಬ್ಯಾಡಗಿ ಮುಟ್ಟಿದಳು. ಚಪ್ಪಾಳೆ ಬಿದ್ದವು, ಬಹಳ ಹೊತ್ತು ಬಿದ್ದವು.

ಊಟಕ್ಕೆ ಎಲೆ ಹಾಕುವಾಗ ಹುಡುಕಿದರೆ ಕುಲ್ಸುಮಬಿ ಇರಲಿಲ್ಲ. ಇಳಿಹೊತ್ತಿನ ಅಸರ್ ನಮಾಜಿಗೆ ಮನೆ ಸೇರಬೇಕೆಂದು ಒಬ್ಬ ಅಜ್ಜಿ ಬಸ್‌ಸ್ಟ್ಯಾಂಡಿನ ದಾರಿ ಕೇಳಿಕೊಂಡು ಹೋದರು ಎಂದು ಬಾಗಿಲು ಕಾಯುವವನು ಹೇಳಿದ.

ಮರುದಿನ ಗೋದಾಮಿನಲ್ಲಿ ಕುಲ್ಸುಮಬಿ ಬೇರೆ ಗುಡ್ಡದ ಹತ್ತಿರ ಕೂತಿದ್ದಳು. ನೀಲಗಂಗವ್ವ ತನ್ನ ಚಾಪೆ ಎತ್ತಿಕೊಂಡು ಹೋಗಿ ಎದುರಿಗೇ ಹಾಸಿದಳು. ಸ್ವಲ್ಪ ಹೊತ್ತು ಕಾಯಿ ಮುರಿದು, ರೊಟ್ಟಿ ಉಬ್ಬುವ ಕಥೆ ತೆಗೆದಳು. ಎದುರಿನ ಕೈಗಳು ನಿಲ್ಲಲಿಲ್ಲ, ಬಾಯಿ ತೆರೆಯಲಿಲ್ಲ. ತಾಳಲಾರದೆ ಗುಡ್ಡವ್ವ ಹೂಂ ಅಂದಳು. ಅದು ಮಾತಿನ ನಡುವೆ ಬಿತ್ತು, ಕಥೆ ಎಡವಿತು. ನೀಲಗಂಗವ್ವ ಅವಳನ್ನು ಬಿಟ್ಟು ಎದುರಿನವಳಿಗೇ ಅಂದಳು:

"ಹೂಂ ಅನ್ನ ಕುಲ್ಸುಮಾ."

ಕುಲ್ಸುಮಬಿ ತಲೆ ಎತ್ತಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಅಷ್ಟ ಮಂದಿ ಮುಂದ ಹೂಂ ಇಲ್ಲದ ಮುಗೀತಲ್ಲಕ್ಕಾ. ಇಲ್ಲ್ಯಾಕ ನಿಂತೀತು?"

ಆ ಗೋದಾಮಿನಲ್ಲಿ ಅವತ್ತು ತುಂಬು ಮುರಿಯುವ ಚಟಪಟ ಸದ್ದು ಸಂಜೆಯವರೆಗೂ ಕೇಳಿತು. ಮೊದಲೂ ಇದ್ದ ಸದ್ದೇ. ಯಾರೂ ಕೇಳಿರಲಿಲ್ಲ.

ಹಂಗಾಮು ಮುಗಿಯುವ ಮೊದಲೇ ಕುಲ್ಸುಮಬಿ ಕೆಲಸಕ್ಕೆ ಬರುವುದನ್ನು ಬಿಟ್ಟಳು. ಧೂಳಿಗೆ ಕೂರಬಾರದು ಎಂದು ಡಾಕ್ಟರು ಹೇಳಿದ್ದಾರೆ ಎಂದು ಸಾನಿಯಾ ಬಂದು ತಿಳಿಸಿದಳು. ನೀಲಗಂಗವ್ವ ಗೋದಾಮಿನಲ್ಲಿ ಮತ್ತೆ ಕಥೆ ತೆಗೆಯಲಿಲ್ಲ. ರಾಣೆಬೆನ್ನೂರಿಗೂ ಹೋಗಲಿಲ್ಲ. ಸ್ನಾನ ಮಾಡಿ ಲಿಂಗಪೂಜೆಗೆ ಕೂತರೆ ಮಂತ್ರದ ನಡುವೆ ಕಿವಿ ಯಾವುದೋ ಸದ್ದಿಗೆ ಕಾಯುತ್ತಿತ್ತು.

ಸಿದ್ದಲಿಂಗೇಶ ಹುಡುಕಿಕೊಂಡು ಬಂದ. ಬರುವುದಿಲ್ಲ ಎಂದಾಗ ಯಾಕೆ ಎಂದು ಕೇಳಿದ. ಅವನ ಚಾನೆಲ್ಲಿನ ಹೆಸರೇ ಅದಲ್ಲವೇ. ನೀಲಗಂಗವ್ವ ಮೊದಲಿನಿಂದ ಹೇಳಿದಳು: ಹೂಂ ಅಂದರೇನು, ಆ ಪ್ರಶ್ನೆ ಬರದಿದ್ದರೆ ಸೊಸೆ ಯಾಕೆ ಅಳುವುದಿಲ್ಲ, ಅಳದಿದ್ದರೆ ಕಾಯಿಯ ಖಾರ ಎಲ್ಲಿಗೆ ಹೋಯಿತೆಂದು ಮಕ್ಕಳಿಗೆ ಹೇಗೆ ತಿಳಿಯಬೇಕು. ಮಕ್ಕಳು ಕೇಳುವಂತಾಗಲಿ ಎಂದೇ ಎಲ್ಲ ಬಿಟ್ಟು ಬಂದವನು ತಾನು, ಕೇಳುವವರನ್ನೇ ಕತ್ತರಿಸಿದೆ ಎಂದ ಹುಡುಗ. ಕುಲ್ಸುಮಬಿ ಒಪ್ಪಿದರೆ ಇಬ್ಬರನ್ನೂ ಎದುರುಬದುರು ಕೂರಿಸಿ, ಹೂಂ ಸಮೇತ, ಕೆಮ್ಮು ಸಮೇತ, ಎಷ್ಟು ಉದ್ದವಾದರೂ ಆಗಲಿ ಹಾಗೆಯೇ ಹಾಕುತ್ತೇನೆ ಎಂದ. ಹಾಕಿಬಿಟ್ಟದ್ದನ್ನು ಮಾತ್ರ ತಿರುಗಿ ತರಲಾಗುವುದಿಲ್ಲ. ಯಾರಾರ ಫೋನಿನಲ್ಲೋ ಅದು ಹೊಕ್ಕಾಗಿದೆ.

ಆ ಸಂಜೆ ನೀಲಗಂಗವ್ವ ವಿಭೂತಿ ಹಚ್ಚಿಕೊಂಡು, ದೇವರ ಮುಂದಿಟ್ಟ ಕೊಬ್ಬರಿ ಬೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಓಣಿಯ ಆ ತುದಿಗೆ ನಡೆದಳು. ಮಸೀದಿಯಲ್ಲಿ ಮಗ್ರಿಬಿನ ಬಾಂಗು ಮುಗಿದು ಸ್ವಲ್ಪ ಹೊತ್ತಾಗಿತ್ತು. ಕುಲ್ಸುಮಬಿಯ ಮನೆಯ ಬಾಗಿಲು ಅರ್ಧ ತೆರೆದಿತ್ತು, ಪರದೆ ಇಳಿಬಿದ್ದಿತ್ತು. ಹೊಸ್ತಿಲ ಹತ್ತಿರ ಬಂದವಳಿಗೆ ಒಳಗಿನಿಂದ ತನ್ನದೇ ದನಿ ಕೇಳಿಸಿತು.

ಪರದೆಯ ಸಂದಿನಿಂದ ನೋಡಿದಳು. ಕುಲ್ಸುಮಬಿ ಹೊರಸಿನ ಮೇಲೆ ಒಬ್ಬಳೇ ಕೂತಿದ್ದಳು. ಸಾನಿಯಾ ಫೋನನ್ನು ಹಾಸಿಗೆಯ ಮೇಲೆಯೇ ಗೋಡೆಗೆ ಒರಗಿಸಿಟ್ಟು ಒಲೆಯ ಕಡೆ ಹೋಗಿರಬೇಕು. ಫೋನಿನಲ್ಲಿ ಸಣ್ಣ ನೀಲಗಂಗವ್ವ ಮೆಣಸಿನಕಾಯಿಯ ಕಥೆ ಹೇಳುತ್ತಿದ್ದಳು. ಸೊಸೆ ಹಡಗು ಹತ್ತಿದಳು. "ಹೂಂ," ಎಂದಳು ಕುಲ್ಸುಮಬಿ. ಅಷ್ಟರಲ್ಲಿ ಸೊಸೆ ಗೋವೆಗೆ ಇಳಿದಾಗಿತ್ತು. "ಹೂಂ," ಎಂದಳು ಮತ್ತೆ. ಫೋನು ಕಾಯಲಿಲ್ಲ. ಕಥೆ ಮುಗಿಯಿತು, ಮುಗಿದದ್ದು ತಾನಾಗಿಯೇ ಮೊದಲಿನಿಂದ ಶುರುವಾಯಿತು. ಈ ಸಲ ಕುಲ್ಸುಮಬಿ ತುಸು ಮುಂದಕ್ಕೆ ಬಾಗಿ, ದನಿಯ ಹಿಂದೆ ಓಡುವವಳಂತೆ ಲಗುಲಗು ಹೂಂ ಅಂದಳು. ಸೊಸೆ ಘಟ್ಟ ಹತ್ತುವುದನ್ನೇ ಕಾಯುತ್ತಿದ್ದವಳು ಕೂಡಲೇ ಕೇಳಿದಳು:

"ತವರ ಬಿಟ್ಟ ಬರೂಮುಂದ ಆಕಿ ಅತ್ತಳೇನಕ್ಕಾ?"

ಬ್ಯಾಡಗಿಗೆ ಬಂದು ಮುಟ್ಟಿದಳು ಎಂದಿತು ಫೋನು.

ಹೊಸ್ತಿಲಲ್ಲಿ ನಿಂತವಳಿಗೆ ತಡೆಯಲಾಗಲಿಲ್ಲ. ಪರದೆ ಸರಿಸಿ, "ಅತ್ತಳು ಕುಲ್ಸುಮಾ," ಎಂದಳು. "ಹಡಗದಾಗ ಕುಂತು ಅತ್ತಳು."

ಕುಲ್ಸುಮಬಿ ಬೆಚ್ಚಿ ತಿರುಗಿದಳು. ಕೈಚಾಚಿ ಫೋನನ್ನು ಮಗುಚಿ ಹಾಕಿದಳು. ಹಾಸಿಗೆಯೊಳಗಿನಿಂದ ದನಿ ಗುಂಯ್‌ಗುಟ್ಟುತ್ತಲೇ ಇತ್ತು. ಸೆರಗು ಸರಿ ಮಾಡಿಕೊಂಡು, ಮನೆಗೆ ಬಂದವರನ್ನು ಹೇಗೆ ಎದುರುಗೊಳ್ಳಬೇಕೋ ಹಾಗೆ ಎದ್ದು ನಿಂತಳು.

"ಯಾರು, ನೀಲಗಂಗವ್ವಾರೇನ್ರಿ? ಬರ್ರಿ. ಒಳಗ ಬರ್ರಿ. ಕುಂದ್ರಿ."

ಇಬ್ಬರೂ ಈ ಓಣಿಗೆ ಸೊಸೆಯರಾಗಿ ಬಂದಂದಿನಿಂದ ಆ ಬಾಯಲ್ಲಿ ಅಕ್ಕಾ ಬಿಟ್ಟು ಬೇರೆ ಕರೆ ಇರಲಿಲ್ಲ. ಬಾ ಎನ್ನುವುದೂ ಇರಲಿಲ್ಲ, ಕರೆಯದೆಯೇ ನೀಲಗಂಗವ್ವ ಬರುತ್ತಿದ್ದಳು. ಸಾನಿಯಾ ಓಡಿಬಂದು ಪ್ಲಾಸ್ಟಿಕ್ ಖುರ್ಚಿ ಹಾಕಿದಳು. ನೀಲಗಂಗವ್ವ ಚಾಪೆಯ ಕಡೆ ನೋಡಿದಳು. ಚಾಪೆಯನ್ನು ಸುತ್ತಿ ಗೋಡೆಗೆ ನಿಲ್ಲಿಸಿದ್ದರು. ಖುರ್ಚಿಯ ಮೇಲೆ ಕೂತಳು. ಬಸಿ ಸಮೇತ ಕಪ್ಪಿನಲ್ಲಿ ಚಹಾ ಬಂತು. ಸಿದ್ದಲಿಂಗೇಶ ಅಂದದ್ದನ್ನು ಹೇಳಿದಳು: ಎದುರುಬದುರು ಕೂರಿಸುತ್ತಾನೆ, ಹೂಂ ಕತ್ತರಿಸುವುದಿಲ್ಲ, ಕೆಮ್ಮಿದರೂ ಪರವಾಗಿಲ್ಲ. ಒಂದೊಂದು ಮಾತಿಗೂ ಹಳೆಯ ರೂಢಿಯಂತೆ ತುಸು ನಿಂತಳು. ಕುಲ್ಸುಮಬಿ ನಡುವೆ ಸದ್ದು ಮಾಡಲಿಲ್ಲ. ಕಲಿಸಿಕೊಟ್ಟಿದ್ದರಲ್ಲ, ತಲೆ ಆಡಿಸುತ್ತ, ಸೆರಗನ್ನು ಬಾಯಿಗೆ ಹಿಡಿದುಕೊಂಡು, ಪೂರ್ತಿ ಕೇಳಿದಳು.

"ಛಲೋ ಆತ್ರಿ," ಎಂದಳು ಕೊನೆಗೆ. "ನನಗ ಈಗ ಆಗೂದಿಲ್ರಿ. ನೀವು ಹೇಳ್ರಿ. ಮಕ್ಕಳು ನೋಡತಾವ."

ಕೊಬ್ಬರಿ ಬೆಲ್ಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಬಾಗಿಲ ತನಕ ಬಂದು ಕಳಿಸಿದಳು. ಕತ್ತಲಲ್ಲಿ ಮೆಟ್ಟಿಲು ನೋಡಿಕೊಂಡು ಇಳಿಯಿರಿ ಎಂದಳು.

ನೀಲಗಂಗವ್ವ ಓಣಿಗೆ ಇಳಿದು ಚಪ್ಪಲಿ ಮೆಟ್ಟಿಕೊಂಡಳು. ಹಿಂದೆ ಪರದೆ ಬಿದ್ದಿತು. ಒಳಗೆ ಯಾರೋ ಫೋನನ್ನು ಮತ್ತೆ ನೆಟ್ಟಗೆ ನಿಲ್ಲಿಸಿರಬೇಕು, ದನಿ ಸ್ಪಷ್ಟವಾಯಿತು. ಅಡಿಗೆಮನೆಯಲ್ಲಿ ಕರಿಮೆಣಸೇ ಅತ್ತೆ, ಖಾರದ ಕಾರುಬಾರೆಲ್ಲ ಆಕೆಯದು ಎಂದು ಅವಳದೇ ದನಿ ಹೇಳುತ್ತ ಹೋಯಿತು. ಅವಳು ನಿಂತು ಕೇಳಿದಳು. ಸೊಸೆ ಆಗಲೇ ಹಡಗು ಹತ್ತಿಬಿಟ್ಟಿದ್ದಳು.

ಒಂದು ಮಾತು ತಡವಾಗಿ ಕುಲ್ಸುಮಬಿ ಹೂಂ ಅಂದಳು.